ಕೊಲಂಬೊ ಕಪ್ ಕಲ್ಕತ್ತೆಯಲ್ಲಿ ನಡೆದದ್ದುಂಟೆ? ತಾತನ ಮಾತು ಮತ್ತು ಹಳೆಯ ದಾಖಲೆಗಳು

ಪ್ರಶ್ನೆ: ನಮ್ಮ ತಾತ, ಅಂದರೆ ತಾಯಿಯ ತಂದೆ, ಬೆಂಗಳೂರಿನ ಆಸ್ಟಿನ್ ಟೌನಿನವರು. ಯೌವನದಲ್ಲಿ ಹಾಫ್‌ಬ್ಯಾಕ್ ಆಗಿ ಫುಟ್‌ಬಾಲ್ ಆಡುತ್ತಿದ್ದರು. "ಕೊಲಂಬೊ ಕಪ್ ಗೆದ್ದ ಇಂಡಿಯಾ ಟೀಮಿನಲ್ಲಿ ನಾನೂ ಇದ್ದೆ" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಈಚೆಗೆ ಅವರ ಟ್ರಂಕಿನಲ್ಲಿ ಒಂದು ಗುಂಪುಚಿತ್ರ, ಒಂದು ಬಟ್ಟೆಯ ಬ್ಯಾಡ್ಜು ಮತ್ತು ಒಂದು ಪತ್ರಿಕೆಯ ತುಣುಕು ಸಿಕ್ಕಿದವು. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ "ಕಲ್ಕತ್ತಾ, 1954" ಎಂದು ಬರೆದಿದೆ. ಕೊಲಂಬೊ ಕಪ್ ಕಲ್ಕತ್ತೆಯಲ್ಲಿ ಹೇಗೆ ನಡೆಯುತ್ತದೆ ಎಂದು ನೆಂಟರು ನಗುತ್ತಾರೆ. ಅಂತರ್ಜಾಲದ ಪಟ್ಟಿಗಳಲ್ಲಿ ತಾತನ ಹೆಸರಿಲ್ಲ. ಇದು ದಕ್ಷಿಣ ಏಷ್ಯದ ದೇಶಗಳು ಆಡುವ ಸ್ಯಾಫ್ ಚಾಂಪಿಯನ್‌ಶಿಪ್ಪಿನ ಹಳೆಯ ಹೆಸರೇ? ಭಾರತ-ಪಾಕಿಸ್ತಾನ ಯುದ್ಧದಿಂದ ಇದು ನಿಂತುಹೋಯಿತೇ? ಆಗ ನಮ್ಮವರು ಬರಿಗಾಲಿನಲ್ಲಿ ಆಡುತ್ತಿದ್ದರೇ? ತನ್ನ ಅಪ್ಪ ಸುಳ್ಳು ಹೇಳಿದರೇ ಎಂಬ ಚಿಂತೆ ಅಮ್ಮನನ್ನು ಕಾಡುತ್ತಿದೆ. ಈ ವಸ್ತುಗಳನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದಾರೆ. ಏನು ಮಾಡಬೇಕೆಂದು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಕೆಳಗೆ ಇರುವುದು ಒಂದೇ ಚಿಂತೆ. ಎಲ್ಲೂ ಹೆಸರು ಕಾಣದ ಮಾತ್ರಕ್ಕೆ ತಾತನ ಮಾತು ಸುಳ್ಳಾಗುತ್ತದೆಯೇ ಎಂಬುದು ಆ ಚಿಂತೆ. ಆಗುವುದಿಲ್ಲ. ಆದರೆ ನಿಮ್ಮ ಕೈಯಲ್ಲಿರುವ ಮೂರು ವಸ್ತುಗಳು ಅವರ ಮಾತನ್ನು ತಾವಾಗಿಯೇ ನಿಜ ಮಾಡುವುದೂ ಇಲ್ಲ. ಇವೆರಡರ ನಡುವೆ ಸಾಕಷ್ಟು ಜಾಗವಿದೆ, ಹುಡುಕಾಟ ನಡೆಯಬೇಕಾದುದು ಅಲ್ಲಿಯೇ. ಹಳೆಯ ಫುಟ್‌ಬಾಲ್ ಪಂದ್ಯಗಳ ದಾಖಲೆಗಳೊಂದಿಗೆ ಬಹಳ ವರ್ಷ ಕಳೆದವನಾಗಿ, ಇಂಥ ಟ್ರಂಕುಗಳನ್ನು ತೆರೆದ ಕುಟುಂಬಗಳೊಂದಿಗೆ ಕುಳಿತವನಾಗಿ, ನನಗೆ ತಿಳಿದಷ್ಟನ್ನು ಬಿಡಿಸಿ ಹೇಳುತ್ತೇನೆ.

ಮೊದಲು ನೆಂಟರ ನಗುವಿಗೆ ಉತ್ತರ. ಕೊಲಂಬೊ ಕಪ್ ಕಲ್ಕತ್ತೆಯಲ್ಲಿ ನಡೆದದ್ದು ನಿಜ, ಅದೂ 1954ರಲ್ಲಿಯೇ. ಭಾರತ, ಪಾಕಿಸ್ತಾನ, ಸಿಲೋನ್ ಮತ್ತು ಬರ್ಮಾ ಎಂಬ ನಾಲ್ಕು ನೆರೆ ದೇಶಗಳ ರಾಷ್ಟ್ರೀಯ ತಂಡಗಳು ಸೇರಿ ಆಡಿದ ಟೂರ್ನಿ ಇದು. 1952ರ ಮಾರ್ಚಿನಲ್ಲಿ ಮೊದಲ ಬಾರಿಗೆ ಕೊಲಂಬೊದಲ್ಲಿ ನಡೆದದ್ದರಿಂದ ಕಪ್ಪಿಗೆ ಆ ಊರಿನ ಹೆಸರು ನಿಂತಿತು. ಮುಂದೆ 1953ರಲ್ಲಿ ರಂಗೂನಿನಲ್ಲಿ, 1954ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ, 1955ರ ಡಿಸೆಂಬರಿನಲ್ಲಿ ಢಾಕಾದಲ್ಲಿ ನಡೆದಾಗಲೂ ಅದು ಕೊಲಂಬೊ ಕಪ್ಪೇ ಆಗಿತ್ತು. ಪತ್ರಿಕೆಗಳು ಹೆಚ್ಚಾಗಿ ಇದನ್ನು "ಕ್ವಾಡ್ರಾಂಗ್ಯುಲರ್" ಎಂದು, ಅಂದರೆ ಚತುಷ್ಕೋನ ಟೂರ್ನಿ ಎಂದು ಕರೆಯುತ್ತಿದ್ದವು. ತಾತ "ಕೊಲಂಬೊ ಕಪ್" ಎಂದದ್ದೂ, ಚಿತ್ರದ ಹಿಂದೆ "ಕಲ್ಕತ್ತಾ" ಎಂದು ಬರೆದಿರುವುದೂ ಒಂದಕ್ಕೊಂದು ವಿರೋಧವಲ್ಲ. ಕಪ್ಪಿನ ಹೆಸರಿನ ಊರೂ ಪಂದ್ಯ ನಡೆದ ಊರೂ ಬೇರೆ ಬೇರೆ ಎಂಬ ಸಂಗತಿಯನ್ನು ಸುಮ್ಮನೆ ಕಥೆ ಕಟ್ಟುವವರು ಸಾಮಾನ್ಯವಾಗಿ ಊಹಿಸುವುದಿಲ್ಲ.

ಟೂರ್ನಿಯ ರೂಪ ಸರಳವಾಗಿತ್ತು. ಫೈನಲ್ ಇರಲಿಲ್ಲ. ಪ್ರತಿ ತಂಡವೂ ಉಳಿದ ಮೂರರೊಂದಿಗೆ ಒಂದೊಂದು ಪಂದ್ಯ ಆಡುತ್ತಿತ್ತು, ಒಟ್ಟು ಆರು ಪಂದ್ಯಗಳು. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು. ಮೊದಲ ವರ್ಷ ಕೊಲಂಬೊದಲ್ಲಿ ಭಾರತ ಮತ್ತು ಪಾಕಿಸ್ತಾನ ಗೋಲಿಲ್ಲದೆ ಸಮ ಮಾಡಿಕೊಂಡವು. ದೇಶ ವಿಭಜನೆಯಾಗಿ ಐದು ವರ್ಷವೂ ಆಗಿರದ ಹೊತ್ತಿನಲ್ಲಿ ಎರಡೂ ದೇಶಗಳು ಫುಟ್‌ಬಾಲ್ ಅಂಗಳದಲ್ಲಿ ಎದುರುಬದುರಾದದ್ದು ಅದೇ ಮೊದಲು. ಎರಡೂ ತಲಾ ಐದು ಅಂಕ ಗಳಿಸಿ ಕಪ್ಪನ್ನು ಹಂಚಿಕೊಂಡವು. ಅನಂತರದ ಮೂರು ವರ್ಷವೂ ಭಾರತ ಒಂಟಿಯಾಗಿ ಗೆದ್ದಿತು. ಪಾಕಿಸ್ತಾನದ ವಿರುದ್ಧ ರಂಗೂನಿನಲ್ಲಿ 1-0, ಕಲ್ಕತ್ತೆಯಲ್ಲಿ 3-1, ಢಾಕಾದಲ್ಲಿ 2-1. ನಾಲ್ಕು ಟೂರ್ನಿಗಳ ಹನ್ನೆರಡು ಪಂದ್ಯಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ. ಇಂದಿನ ಓದುಗರಿಗೆ ಈ ಮಾತು ಉತ್ಪ್ರೇಕ್ಷೆಯಂತೆ ಕೇಳಿಸಬಹುದು. ಆದರೆ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಮಣಿಸಿ ಚಿನ್ನ ಗೆದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದ ನಡುಗಾಲದ ಕಥೆ ಇದು ಎಂಬುದನ್ನು ನೆನೆದರೆ ಅಚ್ಚರಿಯೇನಿಲ್ಲ. ಮೆಲ್ಬರ್ನಿನಲ್ಲಿ ಮಿಂಚಿದ ಪಿ.ಕೆ. ಬ್ಯಾನರ್ಜಿ ಭಾರತದ ಅಂಗಿ ತೊಟ್ಟು ಮೊದಲು ಆಡಿದ್ದು 1955ರ ಢಾಕಾ ಟೂರ್ನಿಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ.

ಇಷ್ಟು ಗೆದ್ದ ಟೂರ್ನಿ ಇಷ್ಟು ಬೇಗ ಮರೆತುಹೋದದ್ದೇಕೆ ಎಂದು ನೀವು ಕೇಳಿಲ್ಲ, ಆದರೂ ಅದಕ್ಕೆ ಉತ್ತರ ಸಿಗದೆ ತಾತನ ಹೆಸರು ಏಕೆ ಕಾಣುತ್ತಿಲ್ಲ ಎಂಬುದೂ ತಿಳಿಯುವುದಿಲ್ಲ. ಕೊಲಂಬೊ ಕಪ್ಪಿಗೆ ವಾರಸುದಾರರಿಲ್ಲ. ಏಷ್ಯದ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದು 1954ರ ಮೇ ತಿಂಗಳಲ್ಲಿ ಮನಿಲಾದಲ್ಲಿ. ಅದು ತನ್ನ ಚರಿತ್ರೆಯನ್ನು 1956ರ ಏಷ್ಯನ್ ಕಪ್ಪಿನಿಂದ ಬರೆಯುತ್ತದೆ. ಸ್ಯಾಫ್ ತನ್ನ ಚರಿತ್ರೆಯನ್ನು 1993ರ ಲಾಹೋರಿನ ಸಾರ್ಕ್ ಗೋಲ್ಡ್ ಕಪ್ಪಿನಿಂದ ಬರೆಯುತ್ತದೆ. ಆದುದರಿಂದ ಕೊಲಂಬೊ ಕಪ್ಪನ್ನು ಸ್ಯಾಫ್ ಚಾಂಪಿಯನ್‌ಶಿಪ್ಪಿನ ಹಳೆಯ ಹೆಸರೆನ್ನುವುದು ತಪ್ಪು. ಎರಡರ ನಡುವೆ ಮೂವತ್ತೆಂಟು ವರ್ಷಗಳ ಅಂತರವಿದೆ; ಸಾಲದ್ದಕ್ಕೆ, ನಾಲ್ವರಲ್ಲಿ ಒಬ್ಬರಾದ ಬರ್ಮಾ, ಇಂದಿನ ಮ್ಯಾನ್ಮಾರ್, ಮುಂದೆ ಆಗ್ನೇಯ ಏಷ್ಯದ ಬಳಗ ಸೇರಿಕೊಂಡಿತು. ಢಾಕಾದ ಕಥೆಯಂತೂ ಇನ್ನೂ ಗೋಜಲು. 1955ರಲ್ಲಿ ಅಲ್ಲಿ ಆತಿಥೇಯ ತಂಡವಾಗಿ ಆಡಿದ್ದು ಪಾಕಿಸ್ತಾನ, ಆದರೆ ಆ ನೆಲ ಇಂದು ಬಾಂಗ್ಲಾದೇಶ. ಎರಡು ದೇಶಗಳ ಪೈಕಿ ಯಾರೂ ಅದನ್ನು ತಮ್ಮ ಮನೆಯ ಹಬ್ಬವೆಂದು ಪೂರ್ತಿಯಾಗಿ ನೆನೆಯುವುದಿಲ್ಲ. ಸಿಲೋನ್ ಶ್ರೀಲಂಕಾ ಆಯಿತು, ರಂಗೂನು ಯಾಂಗೂನ್ ಆಯಿತು, ಕಲ್ಕತ್ತೆ ಕೋಲ್ಕತಾ ಆಯಿತು. ಇಂದಿನ ಹೆಸರಿಟ್ಟು ಹುಡುಕಿದವರಿಗೆ ಅಂದಿನ ವರದಿಗಳು ಸಿಗುವುದೇ ಇಲ್ಲ. 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ನಡೆದು, ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿದ ಸಂಜೆ ಅಂಗಳದ ಸುತ್ತ ಕುಳಿತ ಸಾವಿರಾರು ಮಂದಿಯಲ್ಲಿ, ಈ ಎದುರಾಟ ಶುರುವಾದದ್ದು ಕೊಲಂಬೊದಲ್ಲಿ ಎಂದು ಬಲ್ಲವರು ಎಷ್ಟು ಜನ ಇದ್ದರೋ ಎಂದು ನನಗೆ ಅನ್ನಿಸಿತ್ತು.

ಯುದ್ಧದಿಂದಾಗಿ ನಿಂತಿತು ಎಂಬುದೂ ನಂಬಲರ್ಹವಲ್ಲ. ಕೊನೆಯ ಟೂರ್ನಿ 1955ರದು, ಯುದ್ಧ 1965ರದು. ನಡುವೆ 1959ರಲ್ಲಿ ನಮ್ಮ ನೆರೆಯ ಎರ್ನಾಕುಲಂನಲ್ಲಿಯೇ ಏಷ್ಯನ್ ಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಭಾರತ ಮತ್ತು ಪಾಕಿಸ್ತಾನ ಆಡಿವೆ. ನನ್ನ ಅಭಿಪ್ರಾಯದಲ್ಲಿ ಕೊಲಂಬೊ ಕಪ್ ನಿಲ್ಲಲು ಕಾರಣ ಜಗಳವಲ್ಲ, ಅದರ ಅಗತ್ಯ ಕಡಿಮೆಯಾದದ್ದು. ನಾಲ್ಕು ವರ್ಷಗಳಲ್ಲಿ ನಾಲ್ಕೂ ದೇಶಗಳ ಆತಿಥ್ಯದ ಸರದಿ ಒಂದು ಸುತ್ತು ಮುಗಿದಿತ್ತು. 1956ರಲ್ಲಿ ಒಲಿಂಪಿಕ್ಸ್ ಮತ್ತು ಏಷ್ಯನ್ ಕಪ್ ಬಂದವು, 1957ರಿಂದ ಕ್ವಾಲಾಲಂಪುರದ ಮರ್ಡೇಕಾ ಟೂರ್ನಿ ಆರಂಭವಾಗಿ ಏಷ್ಯದ ತಂಡಗಳೆಲ್ಲ ಅತ್ತ ನಡೆದವು. ಅದೇ ಹೊತ್ತಿಗೆ ಭಾರತದಲ್ಲಿ ವಿದೇಶಿ ವಿನಿಮಯದ ಕೊರತೆ ಬಿಗಿಯಾಗಿತ್ತು. ತಂಡವೊಂದನ್ನು ಹೊರಗೆ ಕಳುಹಿಸುವುದಾದರೆ ಹೆಚ್ಚು ತಂಡಗಳಿರುವ ಟೂರ್ನಿಗೆ ಕಳುಹಿಸುವುದೇ ಲೇಸೆಂದು ಯಾರಿಗಾದರೂ ತೋರುತ್ತದೆ. ಇದನ್ನು ಮುಚ್ಚುತ್ತೇವೆ ಎಂದು ಸಭೆ ಸೇರಿ ತೀರ್ಮಾನಿಸಬೇಕಾಗಿಯೇ ಇರಲಿಲ್ಲ. ಮುಂದಿನ ವರ್ಷ ಯಾರೂ ಕರೆಯದಿದ್ದರೆ ಇಂಥ ಟೂರ್ನಿ ತಾನಾಗಿಯೇ ಮುಗಿದುಹೋಗುತ್ತದೆ.

ಬರಿಗಾಲಿನ ವಿಚಾರದಲ್ಲಿ ಅರ್ಧ ನಿಜವಿದೆ, ಆ ಅರ್ಧ ನಿಮ್ಮ ಚಿತ್ರವನ್ನು ಓದಲು ಉಪಯೋಗಕ್ಕೆ ಬರುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಬಹುಪಾಲು ಮಂದಿ ಬೂಟಿಲ್ಲದೆ, ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಆಡಿದರು. 1952ರ ಜುಲೈನಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಎದುರು 10-1ರಿಂದ ಸೋತಾಗಲೂ ಕೆಲವರ ಕಾಲಿನಲ್ಲಿ ಬೂಟಿರಲಿಲ್ಲ. ಆ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಆ ಸೋಲಿನ ನಂತರ ಅಂತಾರಾಷ್ಟ್ರೀಯ ಪಂದ್ಯಗಳಿಗೆ ಬೂಟು ಕಡ್ಡಾಯವಾಯಿತು. ಹಾಗಾಗಿ 1952ರ ಮಾರ್ಚಿನ ಕೊಲಂಬೊ ಟೂರ್ನಿಗೆ ಬರಿಗಾಲಿನ ಮಾತು ಹೊಂದಬಹುದು, 1954ರ ಕಲ್ಕತ್ತೆಗೆ ಹೊಂದುವುದಿಲ್ಲ. ನಿಮ್ಮ ಗುಂಪುಚಿತ್ರದಲ್ಲಿ ಮುಂದಿನ ಸಾಲಿನವರ ಕಾಲನ್ನು ಗಮನಿಸಿ. ಆಟದ ಉಡುಪಿನಲ್ಲಿ ಇದ್ದು ಕಾಲಿಗೆ ಬರೀ ಪಟ್ಟಿ ಸುತ್ತಿದ್ದರೆ, ಅದು 1954ರ ಭಾರತ ತಂಡದ ಚಿತ್ರವಾಗಿರುವ ಸಂಭವ ಬಹಳ ಕಡಿಮೆ.

ಈಗ ಹೆಸರಿನ ವಿಷಯ. ಅಂತರ್ಜಾಲದ ಪಟ್ಟಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದರೆ ನಿಮ್ಮ ಅಮ್ಮನವರ ಮನಸ್ಸು ಸ್ವಲ್ಪ ಹಗುರಾದೀತು. ಅವು ಬಹುತೇಕ ಪತ್ರಿಕಾ ವರದಿಗಳಿಂದ ಹೆಕ್ಕಿದವು. ವರದಿಗಾರ ಬರೆಯುತ್ತಿದ್ದದ್ದು ಆ ದಿನ ಅಂಗಳಕ್ಕಿಳಿದ ಹನ್ನೊಂದು ಜನರ ಹೆಸರನ್ನು, ಕೆಲವೊಮ್ಮೆ ಗೋಲು ಹೊಡೆದವರ ಹೆಸರನ್ನು ಮಾತ್ರ. ಆಟದ ನಡುವೆ ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಸಾಮಾನ್ಯವಾಗಿ ಇರಲಿಲ್ಲ. ಮೂರು ಪಂದ್ಯಗಳಿಗೆಂದು ತಂಡದೊಂದಿಗೆ ಹೋದ ರಿಸರ್ವ್ ಆಟಗಾರರು ಬ್ಲೇಜರ್ ತೊಟ್ಟು, ಚಿತ್ರಕ್ಕೆ ನಿಂತು, ಒಂದು ನಿಮಿಷವೂ ಆಡದೆ ಊರಿಗೆ ಮರಳುವುದು ವಾಡಿಕೆಯಾಗಿತ್ತು. ಅಂಥವರು "ಟೀಮಿನಲ್ಲಿದ್ದೆ" ಎಂದರೆ ಅದು ಅಕ್ಷರಶಃ ಸತ್ಯ, ಆದರೂ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ನಿಮ್ಮ ತಾತ "ಆಡಿದೆ" ಎಂದರೋ "ಇದ್ದೆ" ಎಂದರೋ, ಅಮ್ಮನನ್ನು ಇನ್ನೊಮ್ಮೆ ಕೇಳಿ ನೋಡಿ. ಪತ್ರದಲ್ಲಿ ನೀವು ಬರೆದಿರುವುದು "ಇದ್ದೆ" ಎಂದು. ಆ ಕಾಲದ ಆಟಗಾರರು ಈ ಎರಡು ಮಾತುಗಳನ್ನು ಅದಲುಬದಲು ಮಾಡುತ್ತಿರಲಿಲ್ಲ ಎಂಬುದು ನನ್ನ ಅನುಭವ.

ಇನ್ನೊಂದು ಕಾರಣ ಬೆಂಗಳೂರಿಗೇ ಸಂಬಂಧಿಸಿದ್ದು. ಅಂದಿನ ಭಾರತದ ಫುಟ್‌ಬಾಲಿಗೆ ಬಂಗಾಳ ಮತ್ತು ಹೈದರಾಬಾದಿನಂತೆಯೇ ಮೈಸೂರು ರಾಜ್ಯವೂ ಮೂಲವಾಗಿತ್ತು. 1946-47 ಮತ್ತು 1952-53ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತ್ತು. ಆದರೆ ದುಡಿಮೆಯೂ ಹೆಸರೂ ಇದ್ದದ್ದು ಕಲ್ಕತ್ತೆಯ ಕ್ಲಬ್ಬುಗಳಲ್ಲಿ. 1948ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸ್ ಎದುರು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನಿಂದ ಮೋಹನ್ ಬಗಾನಿಗೆ ಹೋದವರು, ಅಹಮದ್ ಖಾನ್ ಈಸ್ಟ್ ಬೆಂಗಾಲಿನ ಪ್ರಸಿದ್ಧ "ಪಂಚಪಾಂಡವ"ರಲ್ಲಿ ಒಬ್ಬರು, ಮೆಲ್ಬರ್ನಿಗೆ ಹೋದ ಕೆಂಪಯ್ಯ ಕೂಡ ನಮ್ಮವರೇ. ಆದರೆ ವರದಿಗಳಲ್ಲಿ ಇಂಥವರ ಹೆಸರಿನ ಮುಂದೆ ಬೆಂಗಳೂರು ಎಂದಿರುವುದಿಲ್ಲ, ಕ್ಲಬ್ಬಿನ ಹೆಸರೋ ಬಂಗಾಳ ಎಂದೋ ಇರುತ್ತದೆ. ಹೆಸರಿನ ಕಾಗುಣಿತವಂತೂ ಪತ್ರಿಕೆಗೊಂದು ಬಗೆ. ತಂದೆಯ ಹೆಸರಿನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಮಾಯ. ತಾತನ ಹೆಸರನ್ನು ಕನಿಷ್ಠ ಐದಾರು ರೂಪಗಳಲ್ಲಿ ಬರೆದಿಟ್ಟುಕೊಂಡು ಹುಡುಕಬೇಕು.

ಇಷ್ಟು ಅವರ ಪರವಾಗಿ. ಪ್ರಾಮಾಣಿಕವಾಗಿ ಇನ್ನೊಂದು ಸಾಧ್ಯತೆಯನ್ನೂ ಹೇಳಲೇಬೇಕು. 1953-54ರ ಸಂತೋಷ್ ಟ್ರೋಫಿ ನಡೆದದ್ದೂ ಕಲ್ಕತ್ತೆಯಲ್ಲಿ, ಅದರ ಫೈನಲ್‌ನಲ್ಲಿ ಬಂಗಾಳಕ್ಕೆ ಸೋತದ್ದು ಮೈಸೂರು ತಂಡ. ಅಂದರೆ "ಕಲ್ಕತ್ತಾ, 1954" ಎಂಬ ಬರಹ ಭಾರತ ತಂಡದ ಚಿತ್ರವನ್ನು ಸೂಚಿಸುವಷ್ಟೇ ಸುಲಭವಾಗಿ ಮೈಸೂರು ತಂಡದ ಚಿತ್ರವನ್ನೂ ಸೂಚಿಸಬಹುದು. ಇಂಥ ಬೆರಕೆ ಸುಳ್ಳಿನಿಂದ ಆಗುವುದಲ್ಲ, ತಾತ ಹೇಳಿದ ನಾಲ್ಕಾರು ಕಥೆಗಳನ್ನು ಮಕ್ಕಳು ಒಂದರೊಳಗೊಂದು ಸೇರಿಸಿಕೊಳ್ಳುವುದರಿಂದ ಆಗುತ್ತದೆ. ಒಂದು ಕುಟುಂಬದವರು ಅಂತಾರಾಷ್ಟ್ರೀಯ ಪಂದ್ಯದ್ದೆಂದು ನಂಬಿ ನನಗೆ ತೋರಿಸಿದ ಬ್ಯಾಡ್ಜು ರಾಜ್ಯ ತಂಡದ್ದಾಗಿತ್ತು. ಅದರ ಹಿಂಬದಿಯ ದಾರದ ಹೊಲಿಗೆ ಬಿಚ್ಚಿದಾಗ ಒಳಗೆ ಮಡಚಿಟ್ಟ ದರ್ಜಿಯ ಚೀಟಿ ಸಿಕ್ಕಿ ವಿಷಯ ಬಯಲಾಯಿತು. ಅವರಿಗೆ ಮೊದಲು ಬೇಸರವಾಯಿತು. ಆ ರಾಜ್ಯ ತಂಡದ ಸಾಧನೆ ಏನೆಂದು ತಿಳಿದ ಮೇಲೆ ಬೇಸರ ಉಳಿಯಲಿಲ್ಲ. ನೀವು ಮಾತ್ರ ಹೊಲಿಗೆ ಬಿಚ್ಚಲು ಹೋಗಬೇಡಿ.

ಎರಡನ್ನೂ ಬೇರ್ಪಡಿಸುವ ಬಗೆ ಇದು. ಚಿತ್ರದಲ್ಲಿರುವ ಇತರರ ಮುಖಗಳನ್ನು ನೋಡಿ: ಎಲ್ಲರೂ ಬೆಂಗಳೂರು, ಮೈಸೂರು, ಕೋಲಾರದ ಕಡೆಯ ಆಟಗಾರರಾದರೆ ಅದು ಮೈಸೂರು ತಂಡ, ಬಂಗಾಳ, ಹೈದರಾಬಾದು, ಬೊಂಬಾಯಿ, ಸರ್ವಿಸಸ್ (ಅಂದರೆ ಸೇನಾಪಡೆಗಳ ತಂಡ) ಆಟಗಾರರು ಕಲೆತಿದ್ದರೆ ಭಾರತ ತಂಡವೋ ಅದರ ಆಯ್ಕೆ ಶಿಬಿರವೋ ಆಗಿರಬೇಕು. ಶಿಬಿರಕ್ಕೆ ಹೋಗಿ ಅಂತಿಮ ತಂಡಕ್ಕೆ ಬಾರದವರೂ ಇದ್ದರು ಎಂಬುದು ಮನಸ್ಸಿನಲ್ಲಿರಲಿ. ಪಾಸ್‌ಪೋರ್ಟನ್ನು ಹುಡುಕುವಾಗ ಒಂದು ಎಚ್ಚರಿಕೆ ಬೇಕು. ಕೊಲಂಬೊ, ರಂಗೂನು, ಢಾಕಾಗಳಿಗೆ ಹೋಗಿದ್ದರೆ ಪ್ರಯಾಣದ ಕಾಗದಪತ್ರ ಇರಲೇಬೇಕಿತ್ತು. ಭಾರತ-ಪಾಕಿಸ್ತಾನಗಳ ನಡುವೆ 1952ರ ಅಕ್ಟೋಬರಿನಿಂದ ಪಾಸ್‌ಪೋರ್ಟ್-ವೀಸಾ ಪದ್ಧತಿ ಬಂದದ್ದರಿಂದ 1955ರ ಢಾಕಾಕ್ಕೂ ಅದು ಬೇಕಿತ್ತು. ಆದರೆ ಕಲ್ಕತ್ತೆಗೆ ಏನೂ ಬೇಕಿರಲಿಲ್ಲ. ಹಾಗಾಗಿ ಟ್ರಂಕಿನಲ್ಲಿ ಪಾಸ್‌ಪೋರ್ಟ್ ಇಲ್ಲ ಎಂಬುದು ನಿಮ್ಮ ತಾತನ ವಿರುದ್ಧ ಸಾಕ್ಷಿಯಲ್ಲ.

ಮುಂದೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಅತ್ಯಂತ ನಂಬಿಕೆಯ ದಾರಿ ಹಳೆಯ ಪತ್ರಿಕೆಗಳದು. ನಮ್ಮಲ್ಲಿ ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್, ತಾಯಿನಾಡು, ಹೊರಗೆ ದಿ ಹಿಂದೂ, ದಿ ಸ್ಟೇಟ್ಸ್‌ಮನ್, ಅಮೃತ ಬಜಾರ್ ಪತ್ರಿಕಾ ಆಗ ಬರುತ್ತಿದ್ದವು; ಊರಿನ ಹುಡುಗ ಭಾರತ ತಂಡಕ್ಕೆ ಆಯ್ಕೆಯಾದರೆ ಊರಿನ ಪತ್ರಿಕೆಗೆ ಅದು ಸುದ್ದಿ. ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯವೂ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವೂ ಕೇಳಿ ನೋಡಬೇಕಾದ ಜಾಗಗಳು. ಇದರ ಕಷ್ಟವೆಂದರೆ ಸಮಯ ಮತ್ತು ತಾಳ್ಮೆ: ಸಂಪುಟದಲ್ಲಿ ನಿಮಗೆ ಬೇಕಾದ ವಾರದ ಹಾಳೆಯೇ ಹರಿದಿರಬಹುದು, ಮುಟ್ಟಿದರೆ ಪುಡಿಯಾಗುವ ಸಂಪುಟವನ್ನು ಕೊಡಲು ಅವರು ಒಪ್ಪದಿರಬಹುದು. ತಾತ ಕೆಲಸದಲ್ಲಿದ್ದವರಾದರೆ ಅಲ್ಲಿನ ಸೇವಾ ದಾಖಲೆಯಲ್ಲಿ ಆಟಕ್ಕೆಂದು ಕೊಟ್ಟ ವಿಶೇಷ ರಜೆಯ ನಮೂದು ಇರಬಹುದು. ಇದನ್ನು ಯಾರೂ ಹುಡುಕುವುದಿಲ್ಲ, ನಾನು ಮಾತ್ರ ಮೊದಲು ಇದನ್ನೇ ಹುಡುಕಲು ಹೇಳುತ್ತೇನೆ. ಆಟಗಾರನ ಬಗ್ಗೆ ಯಾವ ಅಭಿಮಾನವೂ ಇಲ್ಲದ ಗುಮಾಸ್ತ ಬರೆದ ಒಂದು ಸಾಲು ಹತ್ತು ನೆನಪುಗಳಿಗಿಂತ ಗಟ್ಟಿ.

ಅಂತರ್ಜಾಲದ ವಿಶ್ವಕೋಶದಲ್ಲಿ ತಾತನ ಹೆಸರನ್ನು ಈಗಲೇ ಸೇರಿಸಿಬಿಡೋಣ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ತಡೆಯಿರಿ. ಆಧಾರವಿಲ್ಲದೆ ಸೇರಿಸಿದ್ದನ್ನು ಅಲ್ಲಿನವರು ಅಳಿಸುತ್ತಾರೆ, ಅದು ನಿಮ್ಮ ಮನೆಯವರಿಗೆ ಇನ್ನೊಂದು ನೋವು. ಅಳಿಸದೆ ಉಳಿದರೆ ಅಪಾಯ ಇನ್ನೂ ದೊಡ್ಡದು: ಹತ್ತು ಕಡೆ ನಕಲಾಗಿ, ಮುಂದೊಮ್ಮೆ ತಪ್ಪೆಂದು ತಿಳಿದಾಗ ನಿಜವಾಗಿ ರಿಸರ್ವ್ ಆಗಿದ್ದ ಬೇರೊಬ್ಬ ಬಡ ಆಟಗಾರನ ಮಾತನ್ನೂ ಜನ ನಂಬದಂತಾಗುತ್ತದೆ.

ಕೊಳ್ಳಲು ಬಂದವರಿಗೆ ಈಗ ಕೊಡಬೇಡಿ. ಗುರುತು ಖಚಿತವಾಗದ ವಸ್ತುವಿಗೆ ಕಡಿಮೆ ಬೆಲೆ ಬರುತ್ತದೆ ಎಂಬುದು ಸಣ್ಣ ಕಾರಣ. ಮೂರು ವಸ್ತುಗಳೂ ಒಟ್ಟಿಗೆ, ಒಂದೇ ಟ್ರಂಕಿನಲ್ಲಿ ಸಿಕ್ಕವು ಎಂಬುದೇ ಅವುಗಳ ಸಾಕ್ಷ್ಯದ ಬಲ ಎಂಬುದು ದೊಡ್ಡ ಕಾರಣ. ಬ್ಯಾಡ್ಜು ಒಬ್ಬರ ಕೈಗೆ, ಚಿತ್ರ ಮತ್ತೊಬ್ಬರ ಕೈಗೆ ಹೋದರೆ ಆ ನಂಟು ಕಡಿದುಹೋಗುತ್ತದೆ, ಮತ್ತೆ ಜೋಡಿಸಲಾಗದು. ಸಂಗ್ರಹಾಲಯಕ್ಕೋ ಸಂಸ್ಥೆಗೋ ದಾನ ಕೊಡುವುದು ಒಳ್ಳೆಯ ಯೋಚನೆ, ಆದರೆ ಯಾರಿಗೆ ಕೊಟ್ಟರೂ ಲಿಖಿತ ಸ್ವೀಕೃತಿ ಪಡೆದು, ವಸ್ತುವನ್ನು ಎಲ್ಲಿ ಇಡುತ್ತಾರೆ, ಯಾರು ಬೇಕಾದರೂ ನೋಡಬಹುದೇ ಎಂದು ಕೇಳಿ ತಿಳಿದುಕೊಂಡೇ ಕೊಡಿ. ಬಾಯಿಮಾತಿನಲ್ಲಿ ಕೊಟ್ಟ ಚಿತ್ರಗಳು ಬೀರುವಿನ ಮೇಲೆ ಧೂಳು ತಿನ್ನುವುದನ್ನು ನಾನು ಕಂಡಿದ್ದೇನೆ.

ಮನೆಯಲ್ಲಿಯೇ ಇಡುವುದಾದರೆ ಪತ್ರಿಕೆಯ ತುಣುಕನ್ನು ಲ್ಯಾಮಿನೇಟ್ ಮಾಡಿಸಬೇಡಿ. ಮರದ ತಿರುಳಿನಿಂದ ಮಾಡಿದ ಆ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಾಗುತ್ತದೆ. ಪ್ಲಾಸ್ಟಿಕ್ಕಿನ ಬಿಸಿಯೂ ಅಂಟೂ ಸೇರಿದರೆ ಒಳಗೇ ಕೆಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಗುಂಡುಪಿನ್ನು ಚುಚ್ಚಿದ್ದರೆ ಈಗಲೇ ನಿಧಾನವಾಗಿ ತೆಗೆಯಿರಿ, ತುಕ್ಕಿನ ಕಲೆ ಪ್ರತಿ ಮಳೆಗಾಲದಲ್ಲಿಯೂ ಹರಡುತ್ತದೆ. ಚಿತ್ರದ ಮುಂಭಾಗವನ್ನಷ್ಟೇ ಅಲ್ಲ, ಪೆನ್ಸಿಲಿನ ಬರಹವಿರುವ ಹಿಂಬದಿಯನ್ನೂ ಒಳ್ಳೆಯ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿಸಿ. ಆ ಬರಹ ತಾತನ ಕೈಬರಹವೇ ಅಥವಾ ಅನಂತರ ಬೇರೆ ಯಾರಾದರೂ ನೆನಪಿನಿಂದ ಬರೆದದ್ದೇ ಎಂಬುದನ್ನು ಅವರ ಹಳೆಯ ಕಾಗದಗಳೊಂದಿಗೆ ಹೋಲಿಸಿ ನೋಡಿ.

ತುಣುಕಿನಲ್ಲಿ ಏನು ಅಚ್ಚಾಗಿದೆ ಎಂದು ನೀವು ಬರೆದಿಲ್ಲ. ಅದರ ಹಿಂಬದಿಯನ್ನೂ ಓದಿ. ಮುಂಭಾಗದ ಪಂದ್ಯದ ವರದಿಯಲ್ಲಿ ದಿನಾಂಕ ಕತ್ತರಿಸಿಹೋಗಿದ್ದರೂ ಹಿಂಬದಿಯಲ್ಲಿ ಒಂದು ಸಿನಿಮಾ ಜಾಹೀರಾತೋ ಮಾರುಕಟ್ಟೆಯ ಧಾರಣೆಯೋ ಇದ್ದೇ ಇರುತ್ತದೆ, ವಾರವನ್ನು ಗುರುತಿಸಲು ಅದು ಸಾಕು. ಡಿಸೆಂಬರ್ ತಿಂಗಳೆಂದು ತಿಳಿದುಬಂದರೆ ಗ್ರಂಥಾಲಯದಲ್ಲಿ ಮೊದಲು ಕೇಳಬೇಕಾದುದು 1954ರ ನವೆಂಬರ್ ಕೊನೆಯ ಮತ್ತು ಡಿಸೆಂಬರ್ ಮೊದಲ ವಾರದ ಕ್ರೀಡಾಪುಟಗಳನ್ನು. ಪಂದ್ಯದ ವರದಿಗಿಂತ ಮೊದಲು ತಂಡದ ಆಯ್ಕೆಯ ವರದಿ ಬರುತ್ತದೆ, ರಿಸರ್ವ್ ಆಟಗಾರರ ಹೆಸರು ಅಚ್ಚಾಗುತ್ತಿದ್ದದ್ದು ಅದರಲ್ಲಿ ಮಾತ್ರ.